ಹೊಲಿಯದೆ ಇಟ್ಟ ಕೊನೆಯ ಕಂತು

ಎಳೆಯರು ಯಾವ ಕಾದಂಬರಿ ಓದಬೇಕೆಂದು ಯಾರಾದರೂ ಉಪದೇಶ ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಕಾಪುವಿನ ನನ್ನ ದೊಡ್ಡಮ್ಮ ಒಂದು ದಿನವೂ ಉಪದೇಶ ಮಾಡಿದವರಲ್ಲ.

ಎಪ್ಪತ್ತರ ದಶಕದಲ್ಲಿ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿ ಕಾದಂಬರಿಗಳನ್ನು ಅವರು ಕತ್ತರಿಸಿಟ್ಟು, ಬಲೆ ಹೆಣೆಯುವ ನೂಲಿನಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಕೊನೆಯ ಕಂತನ್ನು ಮಾತ್ರ ಹೊಲಿಯದೆ ಕಪಾಟಿನಲ್ಲಿ ಬೇರೆಯೇ ಇಡುತ್ತಿದ್ದರು. ಅದನ್ನು ಕೇಳಿಕೊಂಡು ಬಂದವರು ತಾವೇ ಹೊಲಿದುಕೊಳ್ಳಬೇಕು. ಆಮೇಲೆ ಪುಸ್ತಕ ಅವರದ್ದು.

ಹೈಸ್ಕೂಲಿನ ರಜೆ ಮುಗಿಸಿ ಕಾರ್ಕಳದ ನಮ್ಮ ಮನೆಗೆ ಹೊರಟಾಗ ಎರಡು ಕಾದಂಬರಿ ಕೊಟ್ಟರು. ಒಂದು, ಊರಿಗೆಲ್ಲ ಉಪಕಾರ ಮಾಡುವ ಹುಡುಗನದ್ದು. ಅರ್ಧಕ್ಕೇ ಆಕಳಿಕೆ ಬಂತು. ಇನ್ನೊಂದರಲ್ಲಿ ನನ್ನದೇ ವಯಸ್ಸಿನ ಹುಡುಗಿ, ಮದುವೆ ಬೇಡ, ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದು ಊಟ ಬಿಟ್ಟಿದ್ದಳು. ಅಪ್ಪ ಅವಳ ಕೋಣೆಯ ಬಾಗಿಲು ತಟ್ಟಿದಲ್ಲಿಗೆ ಹೊಲಿಗೆ ಮುಗಿದಿತ್ತು.

ಮುಂದಿನ ಭಾನುವಾರವೇ ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬಂದೆ. ದೊಡ್ಡಮ್ಮ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದರು.

“ಎಂತ ಮಾರಾಯ್ತಿ, ಯಾವುದರ ಕೊನೆ ಬೇಕು?”

“ಹುಡುಗಿಯದ್ದು.”

“ಹುಡುಗನದ್ದು ಬೇಡವಾ?”

“ಬೇಡ. ಅದು ಒಳ್ಳೆಯದಿಲ್ಲ.”

“ಒಳ್ಳೆಯದಿಲ್ಲ ಅಂತ ಹೇಳಬೇಡ. ನಿನಗಲ್ಲ, ಅಷ್ಟೇ. ಕಪಾಟಿನಲ್ಲಿ ಸೂಜಿಯೂ ಉಂಟು, ತೆಗೆದುಕೋ.”

ಅವಳ ಅಪ್ಪ ಬಾಗಿಲು ತಟ್ಟಿ ಏನು ಹೇಳಿದನೆಂದು ನಿಂತಲ್ಲೇ ಓದಿ, ಕೂತು ಹೊಲಿದೆ. ಹುಡುಗನ ಕಥೆಯ ಕೊನೆ ಕಪಾಟಿನಲ್ಲೇ ಉಳಿಯಿತು.

ಮರುವರ್ಷ ಅದನ್ನು ಕೇಳಿಕೊಂಡು, ಅದೇ ಬಸ್ಸಿನಲ್ಲಿ, ನಾನು ಅರ್ಧಕ್ಕೇ ಬಿಟ್ಟದ್ದನ್ನು ಓದಿ, ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದವಳು ನನ್ನ ತಂಗಿ.