ಹದಿನಾಲ್ಕನೆಯ ವೋಟು

ಫೆಟುವಿಗೂ ಮೊಸೆಸೆಯ ರಾಜಕೀಯಕ್ಕೂ ಒಂದೇ ವಯಸ್ಸು. ಅವನು ಹುಟ್ಟಿದ ದಿನವೇ ವೈಮಾಕ ಊರಿನಿಂದ ಮೊಸೆಸೆ ಮೊದಲ ಸಲ ನಿಯುವೆ ದ್ವೀಪದ ಶಾಸನಸಭೆಗೆ ಗೆದ್ದದ್ದು. ಗಂಡುಮಗು ಹುಟ್ಟಿತೆಂದು ಅಪ್ಪ ಸಭಾಭವನಕ್ಕೆ ಓಡಿಬಂದರೆ ಅಲ್ಲಿ ಮತ ಎಣಿಸುತ್ತಿದ್ದರಂತೆ. "ಶ್ಶ್, ತಡಿ ಮಾರಾಯ" ಎಂದು ಕೂರಿಸಿದರಂತೆ. ಈ ಕಥೆಯನ್ನು ಫೆಟು ನೂರು ಸಲ ಕೇಳಿದ್ದಾನೆ. ನೂರು ಸಲವೂ ಹೊಟ್ಟೆ ಉರಿದಿದೆ.

ಆ ಸಲ ಮೊಸೆಸೆಗೆ ಐವತ್ತೆಂಟು ವೋಟು. ಮೂರು ವರ್ಷಕ್ಕೊಂದು ಚುನಾವಣೆ. ಊರಿನ ಜನ ಒಬ್ಬೊಬ್ಬರೇ ಆಕ್ಲೆಂಡಿನ ವಿಮಾನ ಹತ್ತಿದ ಹಾಗೆಲ್ಲ ಅದು ಐವತ್ತಾಯಿತು, ನಲವತ್ತೊಂದಾಯಿತು, ಇಪ್ಪತ್ತೊಂಬತ್ತಾಯಿತು. ನಡುವೆ ನಾಲ್ಕು ಸಲ ಎದುರು ನಿಲ್ಲಲು ಆಳೇ ಇರಲಿಲ್ಲ. ವೋಟು ಇಳಿದಷ್ಟೂ ಮೊಸೆಸೆಯ ಹೊಟ್ಟೆ ಮುಂದೆ ಬಂತು, ಹೆಸರು ದೊಡ್ಡದಾಯಿತು. ಹನ್ನೊಂದು ಸಲ ಗೆದ್ದವನೆಂದರೆ ಸುಮ್ಮನೆಯೇ? ಯಾರ ಮನೆಯಲ್ಲಿ ಮಗನ ಕೂದಲು ಕತ್ತರಿಸುವ ಔತಣವಾದರೂ ಮೊದಲ ಚಾಪೆ ಅವನಿಗೆ. ಮರವೇರುವ ದಪ್ಪ ಏಡಿಯ ದೊಡ್ಡ ಕೊಂಡಿ ಅವನ ಎಲೆಗೆ. ಫೆಟುವಿನ ಸ್ವಂತ ಅಮ್ಮ ಲಿಗಿ ಅವನಿಗಾಗಿ ಟೋಪಿ ಹೆಣೆಯುತ್ತಿದ್ದಳು. ಮಗನಿಗೆ ಹೆಣೆದದ್ದು ಒಂದೇ ಒಂದು, ಅದೂ ಅಳತೆ ತಪ್ಪಿ.

ಫೆಟು ಸರ್ಕಾರದ ರಸ್ತೆ ರೋಲರ್ ಓಡಿಸುವವನು. ಎಂಟು ವಾರ ಬಿಸಿಲಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಓಡಿಸಿ ಊರ ರಸ್ತೆಗೆ ಡಾಂಬರು ಕೂರಿಸಿದ. ರಿಬ್ಬನ್ ಕತ್ತರಿಸಿದವನು ಮೊಸೆಸೆ. ಪತ್ರಿಕೆಯ ಚಿತ್ರದಲ್ಲಿ ಮೊಸೆಸೆ ಪೂರ್ತಿ ಬಂದಿದ್ದ. ಫೆಟುವಿನದು ಮೊಣಕೈ ಮಾತ್ರ. ಆ ಚಿತ್ರವನ್ನು ಅಮ್ಮ ಕತ್ತರಿಸಿ ಗೋಡೆಗೆ ಅಂಟಿಸುವಾಗ ಅಂಚು ಸರಿಮಾಡಲು ಹೋಗಿ ಮೊಣಕೈಯನ್ನೂ ಕತ್ತರಿಸಿಬಿಟ್ಟಳು.

"ಈ ಸಲ ನಾನು ನಿಲ್ತೀನಿ" ಎಂದ ಫೆಟು ಅವತ್ತೇ.

ಹೆಂಡತಿ ಮಲಿಯಾಗ ಕೆಸುವಿನ ಗೆಡ್ಡೆ ಕೆರೆಯುತ್ತಿದ್ದಳು. "ಯಾತಕ್ಕೆ?"

"ಊರಿನ ಅಭಿವೃದ್ಧಿಗೆ."

"ಹೊಟ್ಟೆಕಿಚ್ಚಿಗೆ ಈಗ ಹಂಗಂತಾರಾ?"

ಆದರೂ ಹೆಸರು ಕೊಟ್ಟ. ಊರಲ್ಲಿ ವೋಟಿದ್ದವರು ಒಟ್ಟು ಇಪ್ಪತ್ತೇಳು ಜನ, ಅಭ್ಯರ್ಥಿಗಳಿಬ್ಬರೂ ಸೇರಿ. ಫೆಟು ಮನೆಮನೆಗೂ ಹೋದ. ಎಲ್ಲರೂ ಎಳನೀರು ಕೊಟ್ಟರು, ಎಲ್ಲರೂ "ನೋಡೋಣಪ್ಪ" ಎಂದರು. ಮೊಸೆಸೆಯಂತೂ ಬೇಲಿಯಾಚೆಯಿಂದಲೇ ಕೂಗಿದ, "ಏನೋ ಮಗ, ನನ್ ವೋಟ್ ಕೇಳಕ್ಕೆ ಬರ್ಲೇ ಇಲ್ಲ?" ಊರಿಗೆ ಊರೇ ನಕ್ಕಿತು. ಫೆಟುವೂ ನಗಬೇಕಾಯಿತು, ಏಕೆಂದರೆ ಮಾತು ಚೆನ್ನಾಗಿತ್ತು.

ಮತದಾನದ ದಿನ ತೆರೆಯ ಹಿಂದೆ ಪೆನ್ಸಿಲ್ ಹಿಡಿದು ನಿಂತಾಗ ಫೆಟುವಿಗೆ ನೆನಪಾದದ್ದು ದೊಡ್ಡಪ್ಪ ಲೆಮನಿ. ಅವನು ಹಿಂದೊಮ್ಮೆ ಮೊಸೆಸೆಯ ಎದುರು ನಿಂತು ಒಂದೇ ಒಂದು ವೋಟು ಪಡೆದಿದ್ದ. ಆ ಒಂದು ಯಾರದೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅವತ್ತಿನಿಂದ ಅವನ ಹೆಸರೇ "ಒಂದು" ಎಂದಾಯಿತು. ಕೊನೆಗೆ ಆಕ್ಲೆಂಡಿಗೆ ಹೋದ, ಆ ಹೆಸರು ಮುಂದಿನ ವಿಮಾನದಲ್ಲೇ ಅವನ ಹಿಂದೆ ಹೋಯಿತು.

ಫೆಟು ಲೆಕ್ಕ ಹಾಕಿದ. ಹೆಂಡತಿ? ಬೆಳಿಗ್ಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅಮ್ಮ? ಟೋಪಿ ಹೆಣೆಯುವವಳು. ತನಗೆ ತಾನೇ ಹಾಕಿಕೊಂಡು ಒಂದೇ ಬಂದರೆ ಸಾಯುವವರೆಗೂ ಕಳಂಕ. ಸೊನ್ನೆ ಬಂದರೆ ಹಾಗಲ್ಲ. ಸೊನ್ನೆಗೊಂದು ಗಾಂಭೀರ್ಯವಿದೆ. "ನಾನೂ ಹಿರಿಯರಿಗೇ ಹಾಕಿದೆ" ಎಂದು ತಲೆಯೆತ್ತಿ ಹೇಳಬಹುದು. ಗುರುತು ಮಾಡಿ, ಮಡಿಚಿ, ಪೆಟ್ಟಿಗೆಗೆ ಹಾಕಿ ಹೊರಬಂದ.

ಸಂಜೆ ಎಣಿಸಿದರು. ಮೊಸೆಸೆಗೆ ಹದಿನಾಲ್ಕು, ಫೆಟುವಿಗೆ ಹದಿಮೂರು.

ಎದೆಯೊಳಗೆ ಯಾರೋ ರೋಲರ್ ಓಡಿಸಿದ ಹಾಗಾಯಿತು. ಜನ ಒಬ್ಬೊಬ್ಬರೇ ಬಂದು ಭುಜ ತಟ್ಟಿದರು. "ನಾನ್ ನಿಂಗೇ ಹಾಕ್ದೆ ಕಣೋ. ಪಾಪ, ಒಂದೇ ಬಂದ್ರೆ ನಿಮ್ ದೊಡ್ಡಪ್ಪನ ಥರ ಆಗ್ತೀಯಲ್ಲ ಅಂತ." ಹನ್ನೊಂದು ಜನ ಹಾಗೇ ಅಂದರು. ಅಭಿವೃದ್ಧಿಯ ಮಾತನ್ನು ಒಬ್ಬರೂ ಎತ್ತಲಿಲ್ಲ.

ಮಲಿಯಾಗ ಬೆರಳು ಮಡಿಚಿದಳು. "ಅವರು ಹನ್ನೊಂದು. ನಾನು, ನೀನು, ನಿಮ್ಮಮ್ಮ. ಹದಿನಾಲ್ಕು ಆಗ್ಬೇಕಿತ್ತು. ಯಾರೋ ಒಬ್ರು ಸುಳ್ಳು ಹೇಳ್ತಿದಾರೆ." ಅವಳ ಕಣ್ಣು ಅತ್ತೆಯ ಮೇಲೆ ನಿಂತಿತು. "ಟೋಪಿ ಹೆಣೆದ ಕೈ ಸುಮ್ನಿರತ್ತಾ?"

"ನಾನು ನನ್ ಮಗನಿಗೇ ಹಾಕಿದ್ದು" ಎಂದಳು ಲಿಗಿ. "ಬೈಬಲ್ ತಗೊಂಡ್ ಬಾ, ಮುಟ್ಟಿ ಹೇಳ್ತೀನಿ."

"ಅದನ್ನ ಮುಟ್ಟಿ ಹಾಳು ಮಾಡ್ಬೇಡಿ."

ಅಮ್ಮ ತನಗೆ ಹಾಕಿದ್ದಾಳೆ! ಮೊಸೆಸೆಯನ್ನು ಬಿಟ್ಟು ತನಗೆ! ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಫೆಟುವಿನ ಹೊಟ್ಟೆ ತಣ್ಣಗಾಯಿತು. ಆ ತಂಪಿನಲ್ಲಿ ನಾಚಿಕೆಯಿಲ್ಲದೆ ನಾಲ್ಕು ದಿನ ಬಾಯಿಮುಚ್ಚಿ ಕೂತ. ಆ ನಾಲ್ಕು ದಿನವೂ ಮಲಿಯಾಗ ಅತ್ತೆಯ ತಟ್ಟೆಗೆ ಕೆಸುವಿನ ಗೆಡ್ಡೆಯ ತುದಿಯನ್ನಷ್ಟೇ ಹಾಕಿದಳು. ಹೆತ್ತ ಮಗನಿಗೇ ವೋಟು ಹಾಕದವಳೆಂದು ಊರಿನವರು ಲಿಗಿಯನ್ನು ಕಂಡರೆ ದಾರಿ ಬದಲಿಸಿದರು. ಐದನೆಯ ದಿನ ಭಾನುವಾರ. ಇಗರ್ಜಿಯಲ್ಲಿ ಅವಳ ಬೆಂಚಿನಲ್ಲಿ ಪಕ್ಕಕ್ಕೆ ಯಾರೂ ಕೂರಲಿಲ್ಲ. ಹಾಡಿನ ಪುಸ್ತಕವನ್ನು ಅವಳು ತಲೆಕೆಳಗಾಗಿ ಹಿಡಿದಿದ್ದಳು. ಕಣ್ಣೀರಿಗೆ ಅಕ್ಷರ ಕಾಣುತ್ತಿರಲಿಲ್ಲ.

ಪ್ರಾರ್ಥನೆ ಮುಗಿದು ಜನ ಅಂಗಳಕ್ಕೆ ಬರುತ್ತಲೇ ಫೆಟು ಮೆಟ್ಟಿಲ ಮೇಲೆ ನಿಂತ. ಊರಿನ ಮುಂದೆ ಅವನು ಮಾಡಿದ ಮೊದಲ ಭಾಷಣ ಅದು.

"ಅಮ್ಮಂದೇನೂ ತಪ್ಪಿಲ್ಲ. ಮೊಸೆಸೆ ಮಾವನಿಗೆ ಹಾಕ್ದೋನು ನಾನೇ. ಒಂದೇ ಬಂದ್ರೆ ಅಂತ ಹೆದ್ರಿಕೊಂಡು."

ಮಲಿಯಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಬಂದು ಅವನ ಬೆನ್ನಿಗೆ ಬೀಸಣಿಗೆಯಿಂದ ಬಾರಿಸಿದಳು, ಮತ್ತೊಂದು ಬಾರಿಸಿದಳು, ಆಮೇಲೆ ಅಲ್ಲೇ ಅವನ ತೋಳು ಹಿಡಿದು ನಿಂತಳು. "ದಡ್ಡ ಮುಂಡೇದೆ, ನಾಲ್ಕು ದಿನ ಬೇಕಾಯ್ತಾ?"

ಊರು ನಗಲು ಶುರುಮಾಡಿತು. ಕೊನೆಗೂ ಎಲ್ಲರ ಕಣ್ಣು ಫೆಟುವಿನ ಮೇಲಿತ್ತು. ಮೊಣಕೈ ಮೇಲಲ್ಲ, ಪೂರ್ತಿ ಅವನ ಮೇಲೆ. ಆಗ ಮೊಸೆಸೆ ಟೋಪಿ ತೆಗೆದು ಮೆಟ್ಟಿಲು ಹತ್ತಿ ಬಂದ.

"ನಾನೇನ್ ಮಾಡ್ದೆ ಗೊತ್ತಾ?" ಎಂದ. "ಪೆನ್ಸಿಲ್ ಹಿಡ್ಕೊಂಡು ಯೋಚ್ನೆ ಮಾಡ್ದೆ. ಪಾಪ ಹುಡ್ಗ, ಒಂದ್ ವೋಟ್ ದಾನ ಮಾಡಣ ಅಂತ. ಆಮೇಲ್ ಅನ್ಕೊಂಡೆ, ಅವನು ಅಷ್ಟ್ ದಡ್ಡ ಅಲ್ಲ, ಅವನದು ಅವನಿಗಾದ್ರೂ ಬೀಳತ್ತೆ ಬಿಡು!"

ಅಂಗಳವೇ ಬಿದ್ದು ಬಿದ್ದು ನಕ್ಕಿತು. ಮಲಿಯಾಗ ಮುಖದಿಂದ ಕೈ ತೆಗೆದು ನಕ್ಕಳು. ಮೊಸೆಸೆ ಆ ಕಥೆಯನ್ನು ಮೊದಲಿನಿಂದ ಹೇಳತೊಡಗಿದ: ಫೆಟು ತೆರೆಯ ಹಿಂದೆ ಹೇಗೆ ನಿಂತಿರಬಹುದು, ಹೇಗೆ ಬೆವರಿರಬಹುದು ಎಂದೆಲ್ಲ ಅಭಿನಯಿಸಿ. ಜನ ಅವನ ಸುತ್ತ ಕವಿದುಕೊಂಡರು. ಫೆಟು ನೂಕಿಸಿಕೊಂಡು ನೂಕಿಸಿಕೊಂಡು ಕೆಳಗಿನ ಮೆಟ್ಟಿಲಿಗೆ ಬಂದ. ಅಲ್ಲಿಂದ ಕತ್ತು ಚಾಚಿ ಕೇಳಿದ. ತಾನು ಹೇಳಿದ್ದಕ್ಕಿಂತ ಅವನು ಹೇಳುವುದೇ ಎಷ್ಟೋ ಚೆನ್ನಾಗಿತ್ತು. ಹಾಳಾದವನು.