ವಾಪಸ್ ಕರೆದ ಕಾರು

ವಿಜಯಪುರದ ಅಥಣಿ ರಸ್ತೆಯ ಬಡಾವಣೆಯಲ್ಲಿ ಮನೆ, ಟಿಕೋಟಾದ ಶಾಲೆಯಲ್ಲಿ ನನ್ನ ನೌಕರಿ. ಬಸ್ಸಿನಲ್ಲಿ ನಿಂತು ನಿಂತು ಮೊಣಕಾಲು ಸೋತ ಮೇಲೆ ಬಬಲೇಶ್ವರದ ನಿವೃತ್ತ ಹೆಡ್‌ಮಾಸ್ತರರೊಬ್ಬರ ಹಳೆಯ ಕಾರನ್ನು ಕೊಂಡೆ. ಅವರು ಸೀಟಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ಕೀಲಿ ಕೊಡುವಾಗ ಕಣ್ಣು ಒರೆಸಿಕೊಂಡರು.

ತಿಂಗಳೊಳಗೆ ಮುಂದಿನ ಎಡಗಾಲಿಯಿಂದ ಕಟಕಟ ಸದ್ದು ಶುರುವಾಯಿತು. ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ಬಳಿ ಒಯ್ದೆ. ಓಡಿಸುವವಳು ನಾನು, ಅವನು ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ. ಗಂಡನಿಗೆ ಕಾರು ನಡೆಸಲು ಬರುವುದಿಲ್ಲ. ಆದರೂ ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದರು.

"ಶಾಕಪ್ ಹೋಗ್ಯಾವ್ರಿ ಸರ."

ಕುಲುಕಾಟ ತಡೆಯುವ ಆ ಶಾಕಪ್ ಬದಲಾದವು. ಸದ್ದು ಬದಲಾಗಲಿಲ್ಲ. ಆಮೇಲೆ ರಬ್ಬರ್ ಬುಷ್ ಬದಲಾದವು. ಮೂರನೇ ಸಲ ಅವನು ತಾನೇ ಒಂದು ಸುತ್ತು ಓಡಿಸಿ ಬಂದು, ಬದಲಿಸಲು ಇನ್ನೇನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಕಡೆ ಬೆರಳು ಮಾಡಿದ: "ಮೇಡಮ್ಮಾರು ಹಂಪ್ ಮ್ಯಾಲೆ ಜೋರ್ ಓಡಸ್ತಾರ ನೋಡ್ರಿ ಸರ."

ಅಂದಿನಿಂದ ಗಂಡ ಪ್ರತಿ ಹಂಪಿಗೂ "ಸಾವಕಾಶ, ಸಾವಕಾಶ" ಎನ್ನತೊಡಗಿದರು.

"ನೀವು ಇಳದು ನಡಕೋತ ಬರ್ರಿ. ಗಾಡಿಗಿ ಭಾರ ಕಡಿಮಿ ಆಗ್ತೈತಿ" ಎಂದೆ.

ಒಂದು ಬೆಳಿಗ್ಗೆ ಶಾಲೆಯ ಗೇಟಿನೊಳಗೆ ತಿರುಗಿಸುವಾಗ ಎಡಗಾಲಿ ಮಡಚಿಕೊಂಡು ಕಾರು ಒಂದು ಮಗ್ಗುಲಿಗೆ ಕುಸಿಯಿತು. ನಡಿಗೆಯ ವೇಗ, ಯಾರಿಗೂ ಏನೂ ಆಗಲಿಲ್ಲ. ಆದರೆ ಐದು ನಿಮಿಷದ ಹಿಂದೆಯಷ್ಟೇ ದೊಡ್ಡ ರಸ್ತೆಯಲ್ಲಿ ಲಾರಿಯೊಂದನ್ನು ದಾಟಿ ಬಂದಿದ್ದೆ.

ಶಾಲೆಯ ಎದುರಿನ ಗ್ಯಾರೇಜಿನ ಮುದುಕ ಬಂದು ಬಗ್ಗಿ ನೋಡಿದ.

"ಗಾಲಿ ಹಿಡಿಯೂ ಕಬ್ಬಿಣದ ತೋಳು ಮುರದೈತ್ರಿ ಅಕ್ಕಾರ. ಈ ನಮೂನಿ ಗಾಡಿ ಎಲ್ಲಾ ಕಂಪನಿಯವರು ವಾಪಸ್ ಕರದು, ಪುಕಟ್ ಹೊಸಾದು ಹಾಕಿ ಕೊಟ್ಟಾರ. ನಿಮಗ ಪತ್ರ ಬಂದಿಲ್ಲೇನ್ರಿ?"

ಕಂಪನಿಗೆ ಫೋನ್ ಮಾಡಿದೆ. ಮೂರು ಪತ್ರ ಕಳಿಸಿದ್ದರು, ಮೂರೂ ಬಬಲೇಶ್ವರಕ್ಕೆ.

ಆ ಭಾನುವಾರ ಮಾಸ್ತರರ ಮನೆಗೆ ಹೋದೆ. ಅವರು ಫೈಲು ತಂದರು. ಮೂರೂ ಪತ್ರಗಳಿಗೆ ದಾರ ಪೋಣಿಸಿ, ತಲುಪಿದ ತಾರೀಖನ್ನು ಕೆಂಪು ಮಸಿಯಲ್ಲಿ ಬರೆದಿದ್ದರು.

"ಓದಿದ್ರೇನ್ರಿ ಸರ?"

"ಓದದ ಬಿಡ್ತೀನೇನವಾ? ಜೀವನಪೂರ್ತಿ ಇಂಗ್ಲಿಷ್ ಕಲಿಸೇನಿ. ರೀಕಾಲ್ ಅಂದ್ರ ವಾಪಸ್ ಕರಿಯೂದು. ನನ್ನ ಗಾಡಿ ಕಸಗೊಂಡು ಹೋಗ್ತಾರಂತ ಗಾಬರಿ ಆತು. ಅದಕ್ಕ ಲಗೂನ ನಿಮಗ ಮಾರಿದ್ನಿ."

"ಕೆಳಗ ಇನ್ನೂ ಬರದಾರಲ್ರಿ, ಪುಕಟ್ ರಿಪೇರಿ ಅಂತ."

"ಅಷ್ಟು ದೂರ ಓದಾಕ ಧೈರ್ಯ ಆಗಲಿಲ್ಲ."

ಗಾಲಿ ಮುರಿದ ಸಂಗತಿ ಹೇಳಿದೆ. ಜಗಳಕ್ಕೆಂದೇ ಹೋದವಳು ನಾನು. ಮಾಸ್ತರರ ಮುಖ ಬಿಳಿಚಿಕೊಂಡದ್ದು ನೋಡಿ ಅರ್ಧಕ್ಕೇ ನಿಲ್ಲಿಸಿದೆ. ಅವರು ಎದ್ದು ಗೂಟದಿಂದ ಕೋಟು ತೆಗೆದು ಧೂಳು ಕೊಡವಿ, "ನಾಳೆ ಕಂಪನಿಗೆ ನಾನೂ ಬರ್ತೀನಿ" ಎಂದರು.

ಮರುದಿನ ಕಾರನ್ನು ವಿಜಯಪುರದ ಕಂಪನಿ ಶೋರೂಮಿಗೆ ಎಳೆಸಿಕೊಂಡು ಹೋದೆವು. ಮೂರು ಪತ್ರಗಳೂ ಮೆಕ್ಯಾನಿಕ್ಕನ ಬಳಿಯ ಮೂರು ಸುತ್ತುಗಳೂ ಮಾಡದ್ದು ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಗ್ರಾಹಕರ ಸುರಕ್ಷತೆಯೇ ತಮ್ಮ ಉಸಿರೆಂದು ಮ್ಯಾನೇಜರ್ ಹೇಳಿದರು. ಮಾಸ್ತರರು ಅವರಿಗೆ ಪತ್ರದ ವ್ಯಾಕರಣದಲ್ಲಿ ಎರಡು ತಪ್ಪು ತೋರಿಸಿದರು.

ಅವರನ್ನು ಬಬಲೇಶ್ವರಕ್ಕೆ ಬಿಡಲು ಹೋದೆ. ದಾರಿಯುದ್ದಕ್ಕೂ ಕಾರು ಸದ್ದಿಲ್ಲದೆ ಓಡಿತು. ಮನೆಯ ಮುಂದೆ ಇಳಿದು ಅದರ ಬಾನೆಟ್ ಸವರಿ, ಕಿಟಕಿಗೆ ಬಗ್ಗಿ ಹೇಳಿದರು: "ಈಗ ಛಲೋ ಆತು ನೋಡವಾ. ಎಂದರ ಮಾರೂದಿದ್ರ ಮೊದಲ ನನಗ ಹೇಳು."