ವೃಷಭೇಂದ್ರಪ್ಪನವರ ಎರಡು ಬಸ್ಸು

ಅಗರದ ವೃಷಭೇಂದ್ರಪ್ಪನವರಿಗೆ ಅರವತ್ತೆರಡು ವರ್ಷ. ನಾಲ್ಕು ಎಕರೆ ಗದ್ದೆ, ಯಳಂದೂರಿನಲ್ಲಿ ಒಂದು ಗೊಬ್ಬರದ ಅಂಗಡಿ, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು. ಅಂಥವರು ಊರಿನಲ್ಲಿ ಇನ್ನೂ ಹತ್ತು ಮಂದಿ ಸಿಕ್ಕಾರು. ಆದರೆ ಭತ್ತದ ಕೊಯ್ಲು ಮುಗಿದ ದಿನಗಳಲ್ಲಿ, ನೀರು ಹೊತ್ತ ಹೆಂಗಸರು ಬಿಂದಿಗೆಯನ್ನು ಸೊಂಟದಿಂದ ಇಳಿಸದೆಯೇ ನಿಂತು ಮಾತಾಡಿಸುವುದು ಅವರೊಬ್ಬರ ಮನೆಯ ಮುಂದೆ ಮಾತ್ರ.

"ಈ ಸತಿ ಎಲ್ಲಿಗ್ ಕರ್ಕಂಡೋಯ್ತೀರಿ ಅಣ್ಣ?"

ಇದು ಶುರುವಾದದ್ದು ಹನ್ನೆರಡು ವರ್ಷದ ಹಿಂದೆ. ಊರಿನ ಶಾಲೆಯ ಮಕ್ಕಳು ಬನ್ನೇರುಘಟ್ಟದ ಪ್ರಾಣಿಗಳನ್ನು ನೋಡಲು ಹೊರಟಿದ್ದರು. ಇನ್ನೂ ಬೆಳಕು ಹರಿದಿರಲಿಲ್ಲ. ಪುಟ್ಟಮಲ್ಲಮ್ಮ ಎಂಬಾಕೆ ಮಗಳು ಭವ್ಯಶ್ರೀಗೆ ಬಸ್ಸಿನ ಕಿಟಕಿಯಿಂದ ಪುಳಿಯೋಗರೆಯ ಡಬ್ಬಿ ಕೊಟ್ಟು, ಕೈಯೊರೆಸಿಕೊಂಡು, ಮೇಷ್ಟರನ್ನು ಕೇಳಿದಳು: "ಸಾ, ಬುತ್ತಿ ಕಟ್ಟೋರ್ಗೆ ಸೀಟಿಲ್ವಾ?"

ಎಲ್ಲರೂ ನಕ್ಕರು. ಪಕ್ಕದಲ್ಲಿ ನಿಂತಿದ್ದ ವೃಷಭೇಂದ್ರಪ್ಪ ನಗಲಿಲ್ಲ. ಆ ಮಾತು ಅವರ ಹಿಂದೆಯೇ ಮನೆಗೆ ಬಂತು, ಊಟಕ್ಕೆ ಕೂತಾಗಲೂ ಎದುರಿಗೆ ಕೂತಿತ್ತು. ಒಂದು ತಿಂಗಳೊಳಗೆ ಬಸ್ಸೊಂದನ್ನು ಗೊತ್ತುಮಾಡಿ, ಬುತ್ತಿ ಕಟ್ಟುವವರನ್ನೇ ತುಂಬಿಸಿಕೊಂಡು ಅದೇ ಬನ್ನೇರುಘಟ್ಟಕ್ಕೆ ಹೋಗಿಬಂದರು. ಮಕ್ಕಳಿದ್ದವರು ಮಕ್ಕಳನ್ನೂ ತಂದರು, ಗಂಡಂದಿರು ಬಂದರೆ ಹಿಂದಿನ ಸೀಟು. ಮರುವರ್ಷ ಲಾಲ್‌ಬಾಗು. ಆಮೇಲೆ ಯಂತ್ರಗಳ ಮ್ಯೂಸಿಯಂ. ಒಂದು ವರ್ಷ ಬೆಂಗಳೂರಿನ ಮಾಲಿನೊಳಗೆ ಹಿಮ ಸುರಿಯುವ ಕೋಣೆ; ಅಲ್ಲಿ ಅಗರದ ಹೆಂಗಸರು ಸೀರೆಯ ಮೇಲೆ ಬಾಡಿಗೆಯ ದಪ್ಪ ಕೋಟು ತೊಟ್ಟು, ಹಿಮದ ಮುದ್ದೆಯನ್ನು ರಾಗಿಮುದ್ದೆಯ ಹಾಗೆ ಕಟ್ಟಿ ಒಬ್ಬರಿಗೊಬ್ಬರು ಎಸೆದಿದ್ದರು.

ಮೊದಲ ವರ್ಷವೇ ಒಂದು ಕ್ರಮ ನಿಂತುಬಿಟ್ಟಿತು. ಬನ್ನೇರುಘಟ್ಟದಿಂದ ಹೊರಡುವಾಗ ವೃಷಭೇಂದ್ರಪ್ಪ ಬಸ್ಸಿನೊಳಗೆ ಬೆರಳು ಚಾಚಿ ಒಂದು, ಎರಡು, ಮೂರು ಎಂದು ಎಣಿಸತೊಡಗಿದರು. ಶಿವರತ್ನಮ್ಮ ಎಂಬ ಹಿರಿಯಾಕೆ ಎದ್ದು ಬಂದು ಆ ಬೆರಳನ್ನೇ ಹಿಡಿದುಕೊಂಡರು.

"ಮಕ್ಳು ಮರಿ ಇರೋ ಜಾಗ. ಕುರಿ ಎಣಿಸ್ದಂಗೆ ಎಣಿಸ್ಬ್ಯಾಡಿ. ಕಣ್ಣಾಯ್ತದೆ."

"ಮತ್ತೆ ಎಲ್ರೂ ಬಂದವ್ರೆ ಅಂತ ಗೊತ್ತಾಗದೆಂಗಮ್ಮ?"

"ಮನೆ ಕೂಗಿ. ಆ ಮನೆಯೋರು ಹೇಳ್ತಾರೆ."

ಅಂದಿನಿಂದ ಅವರು ತಲೆ ಎಣಿಸಲಿಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು "ಬಾವಿಮನೆ" ಎನ್ನುವರು. ಬಾವಿಮನೆಯ ಹಿರಿಯಾಕೆ ತನ್ನವರನ್ನೆಲ್ಲ ಕಣ್ಣಲ್ಲೇ ನೋಡಿಕೊಂಡು "ತುಂಬದೆ" ಎನ್ನುವಳು; ಮನೆ ತುಂಬಿದೆ, ಯಾರೂ ಉಳಿದಿಲ್ಲ ಎಂದು. ಎಲ್ಲ ಮನೆಯೂ ತುಂಬಿದ ಮೇಲೆ ಬಸ್ಸು ಹೊರಡುವುದು. ಹನ್ನೆರಡು ವರ್ಷ ಇದು ತಪ್ಪಿರಲಿಲ್ಲ. ಒಂದು ಜೀವ ಹೆಚ್ಚುಕಡಿಮೆಯಾದರೂ ಮರುವರ್ಷದಿಂದ ಬಸ್ಸಿಲ್ಲ ಎಂದು ಅವರು ಮೊದಲೇ ಊರಿಗೆ ಹೇಳಿಟ್ಟಿದ್ದರು. ಆಡಿದ ಮಾತು ತಿರುಗಿಸುವ ಮನುಷ್ಯ ಅಲ್ಲವೆಂಬುದು ಊರಿಗೂ ಗೊತ್ತಿತ್ತು.

ಈ ವರ್ಷ ಆರಿಸಿದ್ದು ಬೆಂಗಳೂರಿಗೆ ಮೊದಲೇ ಸಿಗುವ ಒಂದು ದೊಡ್ಡ ನೀರಿನ ಪಾರ್ಕು. ಹೆಸರು ಕೊಟ್ಟವರು ಹೆಚ್ಚಾಗಿ, ಮೊದಲ ಬಾರಿಗೆ ಎರಡು ಬಸ್ಸು ಬೇಕಾಯಿತು. ಅಂದು ಡಬ್ಬಿ ಹಿಡಿದು ಶಾಲೆಯ ಬಸ್ಸಿನಲ್ಲಿ ಕೂತಿದ್ದ ಭವ್ಯಶ್ರೀಗೆ ಈಗ ಇಪ್ಪತ್ತಮೂರು. ಆರು ತಿಂಗಳ ಹಿಂದೆ ಅದೇ ಊರಿನಲ್ಲಿ, ಶಿವರತ್ನಮ್ಮನವರ ಮಗ ಗುರುಪ್ರಕಾಶನೊಂದಿಗೆ ಮದುವೆಯಾಗಿತ್ತು. ತವರಿಗೂ ಅತ್ತೆಮನೆಗೂ ನಡುವೆ ಎರಡು ಬೀದಿ. ಪುಟ್ಟಮಲ್ಲಮ್ಮನ ಬಾವಿಮನೆಗೆ ಮೊದಲ ಬಸ್ಸಿನಲ್ಲಿ ಜಾಗ, ಶಿವರತ್ನಮ್ಮನವರ ಮೇಲ್ಮನೆಗೆ ಎರಡನೆಯದರಲ್ಲಿ.

ಗುರುಪ್ರಕಾಶ ರೇಷ್ಮೆ ಹುಳ ಸಾಕುವವನು. ಹುಳ ಹಣ್ಣಾಗಿ ಗೂಡು ಕಟ್ಟುವ ದಿನ ಬಸ್ಸು ಹೊರಡುವ ಬುಧವಾರಕ್ಕೇ ಬಂದು ಬಿದ್ದಿತ್ತು. ಹೆಂಡತಿಯನ್ನು ಬಸ್ಸು ಹತ್ತಿಸಲು ಬಂದವನು ಹೇಳಿದ: "ದೊಡ್ಡಪ್ಪ, ನಾನಂತೂ ಬರಕಾಗ್ನಿಲ್ಲ. ಇವಳ್ನ ನಿಮ್ ಕೈಲಿ ಕೊಡ್ತಾ ಇವ್ನಿ."

"ಲೇ, ನನ್ ಬಸ್ಸಲ್ಲಿ ಒಂದ್ ಚಪ್ಲಿನೂ ಕಳೆದಿಲ್ಲ ಕಣ್ಲಾ. ಓಗು, ಓಗಿ ಹುಳ ನೋಡ್ಕೊ."

ಪಾರ್ಕಿನೊಳಗೆ ಬುತ್ತಿ ಬಿಡುವುದಿಲ್ಲವೆಂದು ಹತ್ತು ಗಂಟೆಗೆ ಮೊದಲೇ ಹೊರಗಿನ ಹೊಂಗೆಮರದ ಕೆಳಗೆ ಚಾಪೆ ಹಾಸಿ ಎಲ್ಲರೂ ಉಂಡರು. ಒಳಗೆ ಸೀರೆಯುಟ್ಟವರನ್ನು ನೀರಿಗೆ ಇಳಿಸುವುದಿಲ್ಲ ಎಂದಾಗ ಸ್ವಲ್ಪ ಹೊತ್ತು ಯಾರೂ ಕದಲಲಿಲ್ಲ. ಮೊದಲು ಬಟ್ಟೆ ಬದಲಿಸಿ ಹೊರಬಂದವರು ಶಿವರತ್ನಮ್ಮ: ನೀಲಿ ಪ್ಯಾಂಟು, ಹಳದಿ ಅಂಗಿ, ಹಣೆಯಲ್ಲಿ ವಿಭೂತಿ. ಎದುರಿಗೆ ಅದೇ ವೇಷದಲ್ಲಿ ಬಂದ ಪುಟ್ಟಮಲ್ಲಮ್ಮ ಮುಖ ಮುಚ್ಚಿಕೊಂಡಳು.

"ನೋಡಬ್ಯಾಡಿ ಬೀಗ್ತಿ, ನಾಚ್ಕೆ ಆಯ್ತದೆ."

"ನಾನ್ ನಿಮ್ನ ನೋಡ್ನಿಲ್ಲ, ನೀವ್ ನನ್ನ ನೋಡ್ನಿಲ್ಲ. ಬನ್ನಿ ಅತ್ಲಾಗೆ."

ಆಮೇಲೆ ಇಬ್ಬರನ್ನೂ ಅಲೆಯ ಕೊಳದಿಂದ ಎಬ್ಬಿಸಲು ಯಾರಿಂದಲೂ ಆಗಲಿಲ್ಲ. ಕೃತಕ ಅಲೆ ಬಂದಾಗಲೆಲ್ಲ ಕೈ ಕೈ ಹಿಡಿದು ಕುಳಿತೇ ಎದುರಿಸಿದರು. ವಿಭೂತಿ ಹೋಯಿತು, ಹೆರಳು ಬಿಚ್ಚಿತು, ವಯಸ್ಸು ಎಲ್ಲೋ ತೇಲಿಕೊಂಡು ಹೋಯಿತು. ವೃಷಭೇಂದ್ರಪ್ಪ ದಂಡೆಯ ನೆರಳಿನಲ್ಲಿ ಚೀಲಗಳನ್ನು ಕಾಯುತ್ತಾ, ಊರಿನಲ್ಲಿ ಎಂದೂ ಕೇಳದ ಆ ಹೆಂಗಸರ ದೊಡ್ಡ ನಗುವನ್ನು ಕೇಳುತ್ತಾ ಕೂತಿದ್ದರು. ಅವರಿಗೆ ಅಷ್ಟು ಸಾಕಾಗಿತ್ತು.

ಸಂಜೆ ಐದೂವರೆಗೆ ಎರಡೂ ಬಸ್ಸಿನ ಬಾಗಿಲಲ್ಲಿ ನಿಂತು ಮನೆ ಕೂಗಿದರು. ಮೊದಲ ಬಸ್ಸಿನಲ್ಲಿ ಬಾವಿಮನೆ "ತುಂಬದೆ" ಎಂದಿತು. ಎರಡನೆಯದರಲ್ಲಿ ಮೇಲ್ಮನೆ "ತುಂಬದೆ" ಎಂದಿತು. ಕಿಟಕಿಗಳಲ್ಲಿ ಒದ್ದೆ ಟವಲ್ಲುಗಳು ನೇತಾಡುತ್ತಿದ್ದವು. ಬಸ್ಸುಗಳು ಹೊರಟವು.

ಮುಕ್ಕಾಲು ಗಂಟೆ ಕಳೆದು, ಮದ್ದೂರಿಗೆ ಮುಂಚಿನ ಒಂದು ಹೋಟೆಲಿನ ಮುಂದೆ ಕಾಫಿಗೆ ನಿಂತಾಗ ಪುಟ್ಟಮಲ್ಲಮ್ಮ ಇಳಿದು ಬಂದು ಕೇಳಿದಳು: "ಬೀಗ್ತಿ, ಕೂಸು ಮಲಗ್ಬುಟ್ಟದಾ?"

"ಯಾವ್ ಕೂಸು?"

"ನಮ್ ಭವ್ಯ."

ಶಿವರತ್ನಮ್ಮನವರ ಕೈಯ ಲೋಟ ಅಲ್ಲೇ ನಿಂತಿತು. "ನಿಮ್ ಜೊತೆ ಇಲ್ವಾ?"

ಪುಟ್ಟಮಲ್ಲಮ್ಮ ಮೊಬೈಲಿನಲ್ಲಿ ಮಗಳ ನಂಬರು ಒತ್ತಿದಳು. ಫೋನು ಶಿವರತ್ನಮ್ಮನವರ ಚೀಲದೊಳಗೆ, ಒದ್ದೆ ಬಟ್ಟೆಯ ಕೆಳಗೆ ಮೊಳಗಿತು. ನೀರಿಗೆ ಇಳಿಯುವ ಮುಂಚೆ ಭವ್ಯಶ್ರೀ ಅತ್ತೆಯ ಕೈಗೆ ಕೊಟ್ಟಿದ್ದಳು.

ವೃಷಭೇಂದ್ರಪ್ಪ ಎರಡನೆಯ ಬಸ್ಸಿನವರನ್ನೆಲ್ಲ ಇಳಿಸಿ ಕಾಫಿ ಕುಡಿಯಿರೆಂದು ಹೇಳಿ, ಬೀಗಿತ್ತಿಯರಿಬ್ಬರನ್ನು ಹತ್ತಿಸಿಕೊಂಡು, "ರಂಗರಾಜು, ತಿರುಗ್ಸಪ್ಪ" ಎಂದರು. ಡ್ರೈವರ್ ರಂಗರಾಜು ಮೊದಲ ವರ್ಷದಿಂದಲೂ ಅವರ ಬಸ್ಸಿನವನೇ. ಏನೂ ಕೇಳದೆ ತಿರುಗಿಸಿದ.

ಐವತ್ತು ಸೀಟಿನ ಬಸ್ಸಿನಲ್ಲಿ ನಾಲ್ಕೇ ಜನ. ಇಬ್ಬರು ತಾಯಂದಿರೂ ಒಂದೇ ಸೀಟಿನಲ್ಲಿ ಕೂತಿದ್ದರು. ಮೊದಲು ಬಾಯಿಬಿಟ್ಟವರು ಶಿವರತ್ನಮ್ಮ.

"ತಪ್ ನಂದು ಬೀಗ್ತಿ. ಸೊಸೆ ಎಲ್ಲಿ ಅಂತ ನಾನ್ ನೋಡ್ಬೇಕಾಗಿತ್ತು."

"ಇಲ್ಲ ಕಣ್ರಿ. ಹೆತ್ತೋಳು ನಾನು. ಕರೆದು ಪಕ್ಕದಲ್ಲಿ ಕೂರ್ಸ್ಕಂಡ್ರೆ ನೀವೇನ್ ಅನ್ಕತೀರೋ ಅಂತ ಸುಮ್ಕಿದ್ದೆ. ನಿಮ್ ಜೊತೆಗೇ ಇರ್ಲಿ ಅಂದ್ಕಂಡೆ."

"ನಾನ್ ಅನ್ಕಳದೇನು? ತಾಯಿ ಮಗಳು ಒಂದ್ ದಿನ ಕೂತು ಮಾತಾಡ್ಕಳ್ಲಿ ಅಂತ್ಲೇ ಅವಳ್ನ ಹುಡುಕ್ನಿಲ್ಲ."

"ಅದು ನಿಮ್ ಒಳ್ಳೆತನ. ತಪ್ಪು ನಂದೇಯ."

"ನಂದು ಅಂತಾ ಇವ್ನಲ್ಲ, ಬುಡ್ರಿ."

"ಎಂಗ್ ಬುಡ್ಲಿ? ನಂದು ಅಂದ್ರೆ ನಂದು."

ರಂಗರಾಜು ಕನ್ನಡಿಯಲ್ಲಿ ನೋಡಿದ. "ಅಣ್ಣ, ಬೀಗ್ತೀರು ಜಗಳಕ್ ಬಿದ್ರು. ಬುಡ್ಸಿ."

ವೃಷಭೇಂದ್ರಪ್ಪ ತಿರುಗಿ ನೋಡಲಿಲ್ಲ. ತಪ್ಪು ಯಾರದೆಂದು ಅವರು ಆಗಲೇ ತೀರ್ಮಾನಿಸಿದ್ದರು. ಎದುರಿನಿಂದ ಬರುವ ಬೆಳಕುಗಳನ್ನು ನೋಡುತ್ತಾ, ಆ ಹುಡುಗಿ ಎಲ್ಲಿ ಅಳುತ್ತಾ ನಿಂತಿರುವಳೋ ಎಂದೊಂದೇ ಯೋಚಿಸುತ್ತಿದ್ದರು.

ಭವ್ಯಶ್ರೀ ಅಳುತ್ತಿರಲಿಲ್ಲ. ಪಾರ್ಕಿನ ಗೇಟಿನ ಬಳಿ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒದ್ದೆ ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು ಮುಸುಕಿನ ಜೋಳ ತಿನ್ನುತ್ತಿದ್ದಳು. ಕಾವಲುಗಾರ ನಿಂತಿದ್ದ. ಬಸ್ಸು ಕಂಡೊಡನೆ ಅವನೇ ದೂರು ಹೇಳಿದ.

"ನಿಮ್ ಕೂಸೇನ್ರಿ? ಮನಿಗೆ ಫೋನ್ ಹಚ್ಚಮ್ಮ ಅಂದ್ರ ಬ್ಯಾಡ ಅಂತಾಳ್ರಿ. ಬರ್ತಾರ ಬಿಡು, ಅಂತ ನನಗ ಸಮಾಧಾನ ಹೇಳ್ತಾಳ."

ಇಬ್ಬರು ತಾಯಂದಿರೂ ಅವಳನ್ನು ಎರಡು ಕಡೆಯಿಂದ ಹಿಡಿದುಕೊಂಡರು. ಜೋಳ ಕೆಳಗೆ ಬಿತ್ತು.

"ಎಲ್ಲಿದ್ದೆ ಅಮ್ಮಿ?" ಎಂದರು ವೃಷಭೇಂದ್ರಪ್ಪ.

"ದೊಡ್ಡ ಚಕ್ರದಲ್ಲಿ, ದೊಡ್ಡಪ್ಪ. ಅತ್ತೆ ಅವ್ವನ ಜೊತೆ ಕೂತವ್ರೆ, ಇನ್ನೂ ಟೈಮದೆ ಅಂತ ಇನ್ನೊಂದ್ ಸತಿ ಹತ್ತಿದ್ದೆ. ಮೇಲಕ್ಕೋದಾಗ ನೋಡ್ತೀನಿ, ನಮ್ ಎಲ್ಡ್ ಬಸ್ಸೂ ಒಂದರಿಂದೆ ಒಂದು ಓಯ್ತಾ ಅವೆ. ನಿಂತ್ಕಳಿ ಅಂತ ಕೈ ಬೀಸ್ದೆ. ಪಕ್ಕದ್ ಡಬ್ಬೀಲಿದ್ದ ಒಂದ್ ಮಗ ನಂಗೆ ಟಾಟಾ ಮಾಡ್ತು."

"ಎದುರ್ಕೆ ಆಗ್ನಿಲ್ವಾ?"

"ಒಂದ್ ಗಳಿಗೆ ಆಯ್ತು. ಆಮೇಲೆ ಅಲ್ಲಿಂದ ಎಷ್ಟ್ ದೂರ ಕಾಣ್ತಿತ್ತು ಅಂದ್ರೆ, ಎದುರ್ಕೆ ಮರ್ತೇ ಓಯ್ತು."

"ಗುರುಪ್ರಕಾಶಂಗಾರಾ ಫೋನ್ ಮಾಡ್ಬಾರ್ದಾ?"

"ಮಾಡಿದ್ರೆ ಹುಳ ಬುಟ್ಬುಟ್ಟು ಗಾಡಿ ಹತ್ತೋರು. ಒಂದ್ ತಿಂಗ್ಳು ಮೇಯ್ಸಿರೋ ಹುಳ. ನೀವ್ ಬಂದೇ ಬತ್ತೀರಿ ಅಂತ ಗೊತ್ತಿತ್ತು."

ವೃಷಭೇಂದ್ರಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಇದೇ ಕೊನೆ ವರ್ಷ ಕಣಮ್ಮಿ," ಎಂದರು. ಹೇಳಿದ ಮೇಲೆ ಅವರ ಮುಖ ಎಷ್ಟು ಬರಿದಾಯಿತೆಂದರೆ ಕಾವಲುಗಾರ ಕೂಡ ಬೇರೆ ಕಡೆ ನೋಡಿದ.

ಭವ್ಯಶ್ರೀ ಅತ್ತೆಯ ಚೀಲದಿಂದ ಫೋನು ತೆಗೆದು ಗಂಡನಿಗೆ ಮಾಡಿದಳು. ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಆ ಕಡೆಯಿಂದ ನಗು ಕೇಳಿತು. ಫೋನನ್ನು ಅವಳು ವೃಷಭೇಂದ್ರಪ್ಪನವರ ಕೈಗೆ ಕೊಟ್ಟಳು.

"ದೊಡ್ಡಪ್ಪ, ಚಪ್ಲಿ ಏನೂ ಕಳೆದಿಲ್ಲ ತಾನೆ?"

"ಬೈದ್ಬುಡಪ್ಪ. ಅದೇ ವಾಸಿ."

"ಬೈಯದೇನು? ಓಗಿ ಕರ್ಕಂಡ್ರಲ್ಲ. ಹುಳ ಎಲ್ಲ ಗೂಡು ಕಟ್ಟಕೆ ಚಂದ್ರಿಕೆ ತಟ್ಟೆ ಹತ್ತವೆ. ನಿದಾನ್ಕೆ ಬನ್ನಿ."

ಬಸ್ಸು ಮತ್ತೆ ಮದ್ದೂರಿನ ಕಡೆಗೆ ಹೊರಟಿತು. ಭವ್ಯಶ್ರೀಯನ್ನು ಈಗ ಇಬ್ಬರೂ ನಡುವೆ ಕೂರಿಸಿಕೊಂಡಿದ್ದರು; ಮೂರು ಜನ ಒಂದೇ ಸೀಟಿನಲ್ಲಿ ಇಕ್ಕಟ್ಟಾಗಿ, ಖಾಲಿ ಬಸ್ಸಿನಲ್ಲಿ. ಅವಳು ಮುಂದಕ್ಕೆ ಬಾಗಿ ಕೇಳಿದಳು.

"ದೊಡ್ಡಪ್ಪ, ನಾನು ಯಾವ್ ಮನೆ ಲೆಕ್ಕಕ್ಕೆ?"

"ಎಲ್ಡ್ ಮನೆನೂ ತುಂಬದೆ ಅಂದ್ರಲ್ಲಮ್ಮ."

"ಅದ್ಕೇ ಕೇಳ್ದೆ. ನನ್ ಹೆಸ್ರು ಕೂಗಿದ್ರೆ ಇನ್ಯಾರೂ ಓ ಅಂತಿರ್ನಿಲ್ಲ."

ವೃಷಭೇಂದ್ರಪ್ಪ ನಿಧಾನವಾಗಿ ಶಿವರತ್ನಮ್ಮನವರ ಕಡೆ ತಿರುಗಿದರು. "ಹೆಸ್ರು ಕೂಗಿದ್ರೆ ಎಣಿಸ್ದಂಗ್ ಆಯ್ತದಾ ತಾಯಿ?"

ಶಿವರತ್ನಮ್ಮ ಯೋಚಿಸಿದರು. ಕೂಸನ್ನು ತೊಟ್ಟಿಲಿಗೆ ಹಾಕಿ ಇಡುವ ಹೆಸರು. ಅದನ್ನು ಎಲ್ಲರೆದುರು ಮೂರು ಸಲ ಕೂಗಿಯೇ ಇಡುತ್ತಾರೆ. "ಇಲ್ಲ ಕಣ್ರಿ," ಎಂದರು. "ಕೂಗಕ್ಕೇ ಅಲ್ವಾ ಹೆಸ್ರು ಇಡದು."

ಹೋಟೆಲಿನ ಮುಂದೆ ಊರವರು ಭವ್ಯಶ್ರೀಯನ್ನು ಮುತ್ತಿಕೊಂಡರು. ಬೈದವರು ಕೆಲವರು, ತಲೆ ಸವರಿದವರು ಹಲವರು. ಅದೆಲ್ಲ ಮುಗಿದ ಮೇಲೆ ಅವಳು ಹೋಟೆಲಿನವರಿಂದ ಒಂದು ಬಿಳಿ ಹಾಳೆ ಇಸಿದುಕೊಂಡು ಎರಡೂ ಬಸ್ಸಿನಲ್ಲಿ ಸೀಟು ಸೀಟಿಗೂ ಹೋಗಿ ಹೆಸರು ಬರೆದಳು. ಆಮೇಲೆ ಮೊದಲ ಬಸ್ಸಿನ ಬಾಗಿಲಲ್ಲಿ ನಿಂತು ಓದತೊಡಗಿದಳು.

"ಪುಟ್ಟಮಲ್ಲಮ್ಮ."

ಬಾವಿಮನೆಯ ಪರವಾಗಿ ಹನ್ನೆರಡು ವರ್ಷ "ತುಂಬದೆ" ಎಂದಿದ್ದ ಪುಟ್ಟಮಲ್ಲಮ್ಮ, ಮಗಳ ಬಾಯಲ್ಲಿ ತನ್ನ ಹೆಸರು ಕೇಳಿ ಗಲಿಬಿಲಿಗೊಂಡು, ಶಾಲೆಯ ಹುಡುಗಿಯ ಹಾಗೆ ಅರ್ಧ ಎದ್ದು ನಿಂತಳು. "ಇವ್ನಿ."

ಬಸ್ಸಿನಲ್ಲಿ ನಗು ಎದ್ದಿತು. ಒಂದೊಂದು ಹೆಸರಿಗೂ ಒಂದೊಂದು ದನಿ: ಕೆಲವು ದೊಡ್ಡದು, ಕೆಲವು ಸೆರಗಿನೊಳಗಿನದು. ಇಷ್ಟು ವರ್ಷ ಇಂಥವರ ಅವ್ವ, ಇಂಥವರ ಮನೆಯವಳು ಎಂದು ಕರೆಸಿಕೊಂಡವರೆಲ್ಲ ತಮ್ಮ ಸರದಿಗಾಗಿ ಕಿವಿ ನಿಮಿರಿಸಿ ಕಾಯುತ್ತಿದ್ದರು.

ಎರಡನೆಯ ಬಸ್ಸಿನ ಕೊನೆಯ ಸೀಟಿನಲ್ಲಿ ಒಬ್ಬ ಮುದುಕಿ. ಈ ವರ್ಷವೇ ಮೊದಲು ಬಂದವಳು. ಭವ್ಯಶ್ರೀ ಹೆಸರು ಕೇಳಿದಾಗ ಪಕ್ಕದವರು ಯಾರಿಗೂ ಗೊತ್ತಿರಲಿಲ್ಲ. ಮುದುಕಿಯೇ ಯೋಚಿಸಿ ಹೇಳಿ ಬರೆಸಿದ್ದಳು. ಈಗ ಅದು ಹಾಳೆಯ ತುದಿಗೆ ಬಂತು.

"ಪುಟ್ಟಬಸಮ್ಮ."

ಉತ್ತರ ಬರಲಿಲ್ಲ. ಎಲ್ಲರೂ ತಿರುಗಿ ನೋಡಿದರು.

"ಇನ್ನೊಂದ್ ಸತಿ ಕೂಗವ್ವ," ಎಂದಳು ಮುದುಕಿ.

"ಪುಟ್ಟಬಸಮ್ಮ."

"ಇವ್ನಿ ಕಣವ್ವ. ಇವ್ನಿ."

ಕೆಳಗೆ ನಿಂತಿದ್ದ ವೃಷಭೇಂದ್ರಪ್ಪ ಟವಲಿನಿಂದ ಮುಖವನ್ನೊಮ್ಮೆ ಒರೆಸಿಕೊಂಡು ಡ್ರೈವರಿನ ಕಿಟಕಿಯ ಬಳಿಗೆ ಹೋದರು. "ಬುಡಪ್ಪ ರಂಗರಾಜು," ಎಂದರು. "ಮತ್ತೆ, ಬರೋ ವರ್ಷ ಕೊಯ್ಲು ಮುಗಿದ ಮೇಲೆ ಇನ್ಯಾರ್ಗೂ ಬಸ್ಸು ಒಪ್ಕಬ್ಯಾಡ."